ಗಂಟು ಕಟ್ಟಿದ ಗ್ರೇವಿ

ಸಮಸ್ತ ಬಂಧುಮಿತ್ರರ ಗಮನಕ್ಕೆ: ಇಂದು ನಮ್ಮ ಧಾರವಾಡದ ಮನೆಯ ಮಹಡಿಯಲ್ಲಿ ಗ್ರೇವಿ ಗಂಟು ಕಟ್ಟಿತು.

ಮದುವೆಯಾದ ಮೇಲೆ ನನ್ನ ಹೆಂಡತಿ ಶೀಲಾಳಿಗೆ ಇದು ಮೊದಲ ಕ್ರಿಸ್‌ಮಸ್. ಊಟಕ್ಕೆ ಅವಳ ಅಪ್ಪ ಬರುವವರಿದ್ದರು. ಟರ್ಕಿ ಕೋಳಿಯೇನೋ ಹದವಾಗಿ ಬೆಂದಿತ್ತು. ಅದರಿಂದ ಇಳಿದ ಬಿಸಿ ರಸಕ್ಕೆ ಮೈದಾ ಸುರಿದದ್ದೇ ಕೆಟ್ಟಿತು. ಶೀಲಾ ಸೌಟು ಹಿಡಿದುಕೊಂಡೇ ಅಳತೊಡಗಿದಳು.

ಮಾಂಸದ ವಾಸನೆಯೂ ಸೇರದ ನನ್ನ ಅವ್ವ ಮೂಗಿಗೆ ಸೆರಗು ಹಿಡಿದು ಮೆಟ್ಟಿಲ ಮೇಲೆಯೇ ನಿಂತಿದ್ದಳು. "ಹಿಟ್ಟು ತಣ್ಣೀರಾಗ ಕದಡಿ ಹಾಕಬೇಕವಾ. ಎಂದೂ ಅಂಬಲಿ ಕಾಸಿಲ್ಲೇನು?"

"ಈಗೇನ್ ಮಾಡ್ಲಿರಿ ಅತ್ತಿ?"

ಅವ್ವ ಕೆಳಗಿಳಿದು ಹೋಗಿ ತನ್ನ ಚಹಾ ಸೋಸುವ ಜರಡಿ ತಂದಳು. "ತಗೋ, ಸೋಸು. ಇದನ್ನ ಹೊಳ್ಳಿ ನನಗ ಮಾತ್ರ ಕೊಡಬ್ಯಾಡ."

ಗ್ರೇವಿ ನುಣ್ಣಗಾಯಿತು. ಮಾವನವರು ಎರಡು ಸಲ ಹಾಕಿಸಿಕೊಂಡರು.

ಈಗ ಅವ್ವನ ಚಹಾದ ಹೊತ್ತು. ಓಣಿಯವರೇ, ಒಂದು ಜರಡಿ ಕಳಿಸಿಕೊಡಿ. ಅಪ್ಪಟ ಸಸ್ಯಾಹಾರಿ ಜರಡಿಯೇ ಆಗಿರಲಿ.