ಹುಳಿಗೆ ತಿರುಗಿದ ಘಮ

ಟಪ್. ಟಪ್. ಹಂಡೆಯ ಪಕ್ಕದ ಗಾಜಿನ ಕೊಳವೆಗೆ ಹನಿ ಬೀಳುತ್ತಿತ್ತು. ಹಣ್ಣಿನ ಪರಿಮಳದ ಎಸೆನ್ಸ್ ತಯಾರಿಸುವ ಆ ಪುಟ್ಟ ಕಾರ್ಖಾನೆಯಲ್ಲಿ ಎಲ್ಲರೂ ‘ಮೂಗಿನಕ್ಕ’ ಎನ್ನುವ ಹೆಂಗಸು, ಹಂಡೆಯ ರಸದಲ್ಲಿ ಕಾಗದದ ಪಟ್ಟಿ ಅದ್ದಿ ಮೂಸಿದಳು. ಬಾಳೆಹಣ್ಣಿನ ಘಮದ ಬೆನ್ನಿಗೇ ಹುಳಿ ವಾಸನೆ ಬಂತು.

“ನಿನಗೂ ಹುಳಿ ಬರ್ತಿದ್ಯಾ?” ಎಂದು ಅದೇ ಹಂಡೆಯ ಬಳಿ ಕೆಲಸಕ್ಕಿದ್ದ ನಾದಿನಿಯನ್ನು ಕೇಳಿದಳು.

“ಇಲ್ಲ ಅತ್ತಿಗೆ, ನನಗೆ ಬರೀ ಬಾಳೆಹಣ್ಣು. ಜ್ವರ ಹೋಗ್ತಾ ನಿಮ್ಮ ಮೂಗನ್ನೂ ಹೊತ್ಕೊಂಡು ಹೋಯ್ತೇನೋ! ಒಳ್ಳೇದೇ ಬಿಡಿ, ಅಣ್ಣನ ಸಾಕ್ಸ್ ಒಗೆಯೋದು ಸುಲಭ.”

ಮೂಗಿನಕ್ಕ ನಕ್ಕಳು, ಆದರೆ ಪಟ್ಟಿಯನ್ನು ಮತ್ತೊಮ್ಮೆ ಮೂಸಿದಳು. ಹಂಡೆ ಹದಕ್ಕೆ ಬಂತೆಂದು ಹೇಳುತ್ತಿದ್ದುದು ಅವಳ ಮೂಗು. ಅದು ಕೈಕೊಟ್ಟರೆ ಬಾಟಲಿ ತೊಳೆಯುವ ತೊಟ್ಟಿಯೇ ಗತಿ. ಅದನ್ನಾದರೂ ಸಹಿಸಬಹುದು. ಅವಳು ಜ್ವರದಲ್ಲಿ ಮಲಗಿದ್ದಾಗ ಮಗಳಿಗೆ ಹೆಣ್ಣುಕೂಸು ಹುಟ್ಟಿತ್ತು. ಜ್ವರ ಬಿಟ್ಟ ಮೇಲೆ ಕೂಸನ್ನು ಎತ್ತಿಕೊಂಡಿದ್ದಳು, ಆದರೆ ಮೂಗು ಕೆಟ್ಟಿದ್ದರೆ ಎಂಬ ಭಯಕ್ಕೆ ಅದರ ನೆತ್ತಿಗೆ ಮೂಗು ತಾಗಿಸಿರಲಿಲ್ಲ. ಅಲ್ಲಿಯೂ ಹುಳಿಯೇ ಬಂದರೆ?

ಕೆಮಿಸ್ಟ್ ಹುಡುಗಿ ಬಂದು ರಸವನ್ನು ಪರೀಕ್ಷೆ ಮಾಡಿದಳು.

“ಹುಳಿ ಇದೆ ಅಕ್ಕ. ತುಂಬಾನೇ ಇದೆ. ದಿನಾ ಇಲ್ಲೇ ಇದ್ದವರ ಮೂಗಿಗೆ ಒಗ್ಗಿಹೋಗಿರಬೇಕು.”

“ಹೌದಾ? ನಿಜವಾಗ್ಲೂ?”

“ಹಂಡೆ ಕೆಟ್ಟಿದೆ ಅಂದ್ರೆ ಇಷ್ಟು ಖುಷಿಪಡೋರನ್ನ ನಾನು ಇವತ್ತೇ ನೋಡಿದ್ದು!”

ಆಗಲೇ ಹುಡುಗಿಯ ಕಣ್ಣು ಕೊಳವೆಯ ಮೇಲೆ ಬಿತ್ತು. ಹಂಡೆಯಿಂದ ಆವಿಯಾಗಿ ಬಂದ ನೀರು ಕೊಳವೆಯ ತಳದಲ್ಲಿ ನಿಲ್ಲಬೇಕು, ಮೇಲೆ ತೇಲುವ ಘಮದ ಎಣ್ಣೆಯಷ್ಟೇ ಹಂಡೆಗೆ ಮರಳಬೇಕು. ಇಂದು ಕೊಳವೆ ಕಂಠದವರೆಗೂ ನೀರು ತುಂಬಿ, ನೀರೇ ಹಂಡೆಗೆ ಮರಳುತ್ತಿತ್ತು.

“ಕೆಳಗಿನ ನಲ್ಲಿ ಯಾಕೆ ತೆಗೆದಿಲ್ಲ?”

ನಾದಿನಿ ಸೆರಗಿನ ತುದಿ ತಿರುವಿದಳು. “ಅತ್ತಿಗೇನೇ ದಿನಾ ಬೈತಿದ್ರಲ್ಲ, ನಲ್ಲಿಯಿಂದ ಒಂದು ಹನೀನೂ ಸೋರಬಾರದು ಅಂತ! ಅವರು ರಜೆ ಹಾಕಿದಾಗಿಂದ ಬಿಗಿಯಾಗಿ ಮುಚ್ಚಿಟ್ಟಿದ್ದೀನಿ.”

“ಅಯ್ಯೋ ನನ್ನ ಶಿಷ್ಯೆಯೇ!” ಮೂಗಿನಕ್ಕ ಹಣೆ ಚಚ್ಚಿಕೊಂಡಳು. “ಅದು ಅಡುಗೆಮನೆ ನಲ್ಲಿಗೆ ಹೇಳಿದ್ದು ಕಣೇ!”

ಹುಡುಗಿ ನಲ್ಲಿ ತಿರುಗಿಸಿದಳು. ನೀರು ಬಕೆಟ್ಟಿಗೆ ಸುರಿಯಿತು. “ನೋಡಿ, ನಾವು ಹಂಡೆಗೆ ಹಾಕೋ ಹುಳಿಯೂ ಮದ್ಯಸಾರವೂ ಸೇರಿದ್ರೆ ಘಮ ಹುಟ್ಟುತ್ತೆ, ಜೊತೆಗೆ ನೀರೂ ಹುಟ್ಟುತ್ತೆ. ಆ ನೀರು ಹಂಡೆಯಲ್ಲೇ ಹೆಚ್ಚಾದ್ರೆ ಘಮ ಒಡೆದು ಮತ್ತೆ ಹುಳಿ ಆಗುತ್ತೆ. ನೀರನ್ನ ತೆಗೀತಾ ಇದ್ರೆ, ಉಳಿದ ಹುಳಿ ಘಮದ ಕಡೆಗೇ ನಡೆಯುತ್ತೆ.”

ಮಧ್ಯಾಹ್ನದ ಹೊತ್ತಿಗೆ ಮೂಗಿನಕ್ಕ ಹೊಸ ಪಟ್ಟಿ ಅದ್ದಿ ಕಣ್ಣು ಮುಚ್ಚಿ ಮೂಸಿದಳು. ಹುಳಿ ಒಂದೆಳೆಯಷ್ಟೇ ಉಳಿದಿತ್ತು.

“ಅಂದ್ರೆ ಅತ್ತಿಗೆ ಮೂಗು ನೆಟ್ಟಗಿದೆ. ಪಾಪ, ಇನ್ನು ಅಣ್ಣನ ಸಾಕ್ಸ್ ಒಗೆಯೋದು ಕಷ್ಟಾನೇ!” ಎಂದಳು ನಾದಿನಿ.

ಊಟದ ಗಂಟೆ ಹೊಡೆಯಿತು. ಹುಡುಗಿ ಇನ್ನೂ ಹೇಳುತ್ತಲೇ ಇದ್ದಳು: “ಮದ್ಯಸಾರ ಹೆಚ್ಚಿಗೆ ಹಾಕಿದ್ರೂ ಹಾಗೇನೇ ಅಕ್ಕ, ಆಗ ಏನಾಗುತ್ತೆ ಅಂದ್ರೆ…”

ಮೂಗಿನಕ್ಕ ಕೈ ತೊಳೆದು, ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿದಳು.

“ಅತ್ತಿಗೆ, ಎಲ್ಲಿಗೆ? ಮೇಡಂ ಇನ್ನೂ ಮಾತಾಡ್ತಿದ್ದಾರೆ!”

ಅವಳು ಆಗಲೇ ಗೇಟು ದಾಟಿ, ಮಗಳ ಮನೆಯ ಬೀದಿಗೆ ತಿರುಗಿದ್ದಳು.