ಭಾವನ ಕೆಂಪು ಹಗ್ಗ

ಹಾಲು ಕೊಟ್ಟರೂ ಮೂಸಿ ನೋಡಿ ಕುಡಿಯುವ ಜಾತಿ ನನ್ನದು ಅಂತ ಅವ್ವ ಬೈಯುತ್ತಿದ್ದಳು. ಸುಳ್ಳಲ್ಲ.

ಬಿಳಿ ದೊರೆಗಳ ಕಾಲ. ಬಾಳೂರು ಕಡೆಯ ಕಾಫಿ ಎಸ್ಟೇಟಿನಲ್ಲಿ ನಮ್ಮ ಕೂಲಿ ಲೈನಿನ ಮನೆಗಳವರದ್ದೊಂದು ಜಡೆ ಕೋಲಾಟದ ತಂಡ, ನಾನೇ ಮುಂದಾಳು. ಕಣದ ಪಕ್ಕದ ಹಲಸಿನ ಕೊಂಬೆಗೆ ಎಂಟು ಹಗ್ಗ ಕಟ್ಟಿ, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು ಹಿಡಿದು ಎಂಟು ಜನ ಎದುರುಬದುರು ಸುತ್ತುತ್ತಿದ್ದೆವು. ಕುಣಿದಂತೆ ಹಗ್ಗಗಳು ಜಡೆಯಾಗುತ್ತವೆ. ಅದೇ ಹೆಜ್ಜೆಯಲ್ಲಿ ಹಿಂದಕ್ಕೆ ಕುಣಿದರೆ ಪೂರ್ತಿ ಬಿಚ್ಚಿಕೊಳ್ಳಬೇಕು. ಒಬ್ಬ ತಪ್ಪಿದರೂ ಗಂಟು.

ಹಿಂದಿನ ಸುಗ್ಗಿಯಲ್ಲಿ ಪಕ್ಕದ ತೋಟದವರು ನಮ್ಮನ್ನು ಸೋಲಿಸಿದ್ದರು. ಈ ಸಲ ಹೊಸ ಕುಣಿತ ಕಟ್ಟಲೇಬೇಕಿತ್ತು. ಹಣ್ಣು ಕುಯ್ಯುವ ಹೆಂಗಸರು ಕಾಫಿ ರೆಂಬೆಗಳಡಿ ನುಸುಳುವುದನ್ನು ನೋಡಿ ನನಗೆ ದಾರಿ ಸಿಕ್ಕಿತು. ಮೂರು ಹೆಜ್ಜೆ, ನಾಲ್ಕನೆಯದಕ್ಕೆ ಎದುರಿನವನ ಹಗ್ಗದಡಿ ಬಗ್ಗಿ ಹಾಯುವುದು. ಬಾಳೆನಾರು ಎಳೆ ಎಳೆ ಹೆಣೆದು, ಬಿಚ್ಚಿ, ಯಾರು ಎಲ್ಲಿ ಬಗ್ಗಬೇಕೆಂದು ಗೊತ್ತುಮಾಡಲು ಹದಿನೈದು ದಿನ ಹಿಡಿಯಿತು.

ಅಭ್ಯಾಸದ ಮೊದಲ ದಿನವೇ ಗಂಟು ಬಿತ್ತು. ಎರಡನೆಯ ದಿನವೂ ಬಿತ್ತು. ನನ್ನ ಕಣ್ಣು ನನ್ನೆದುರು ಕುಣಿಯುತ್ತಿದ್ದ ಭಾವನ ಮೇಲೆ ಹೋಯಿತು. ಅಕ್ಕನನ್ನು ಮದುವೆಯಾಗಿ ನಮ್ಮ ಲೈನಿಗೆ ಬಂದವರು. ಹುಟ್ಟಿದ್ದು ಅದೇ ಪಕ್ಕದ ತೋಟದಲ್ಲಿ, ಭಾನುವಾರ ಬಂತೆಂದರೆ ತಾಯಿಮನೆಗೆ ಹೊರಡುವರು. ಅಲ್ಲಿ ಹೆಜ್ಜೆ ಹೇಳಿಕೊಟ್ಟು, ಇಲ್ಲಿ ಬೇಕಂತಲೇ ಕೆಡಿಸುತ್ತಿದ್ದಾರೆ ಅಂತ ನಾನು ತೀರ್ಮಾನಿಸಿಬಿಟ್ಟೆ. ಅಂದಿನಿಂದ ಕುಣಿಯುವಾಗ ನಾನು ನೋಡಿದ್ದು ಅವರ ಕಾಲು ಮಾತ್ರ. ಗಂಟು ತಪ್ಪಲಿಲ್ಲ.

ಕೊನೆಗೆ ಅಂದಕ್ಕೆಂದು ಹೇಳಿ ಅವರ ಹಗ್ಗಕ್ಕೆ ಕಾವಿ ಬಳಿದೆ. ಸಂಜೆ ಗಂಟು ಬಿಡಿಸಿದರೆ ಕೆಂಪು ಹಗ್ಗ ಮೇಲೆ ಹೋಗಬೇಕಾದಲ್ಲೆಲ್ಲ ಕೆಳಗೆ ನುಸುಳಿತ್ತು. ನನಗೆ ಒಳಗೊಳಗೇ ಖುಷಿಯಾಯಿತು, ಈಗ ನೆನೆದರೆ ನಾಚಿಕೆ.

"ನೀವು ಯಾವ ತೋಟದವ್ರು ಭಾವ, ಅದನ್ನ ಮೊದ್ಲು ಹೇಳಿ" ಅಂದೆ, ಎಲ್ಲರೆದುರು.

ಅವರು ಕೋಲು ಕೆಳಗಿಟ್ಟು ನಡೆದರು.

ಮರುದಿನ ಅವರ ಜಾಗಕ್ಕೆ ಬೇರೊಬ್ಬನನ್ನು ನಿಲ್ಲಿಸಿದೆ. ಮೊದಲ ಸುತ್ತು ಮುಗಿಯುವುದರೊಳಗೆ ಇಬ್ಬರು ತಲೆ ಡಿಕ್ಕಿ ಹೊಡೆದುಕೊಂಡು ನಿಂತರು. ಅವರಲ್ಲೊಬ್ಬ ನಾನೇ. ಕಣದಲ್ಲಿ ಕಾಫಿ ರಾಶಿ ಮಾಡುತ್ತಿದ್ದ ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಅವ್ರ ಕಾಲು ನೋಡ್ತಾ ನೀನು ಬಗ್ಗೋದನ್ನೇ ಮರೀತಿದ್ದೆ. ನಿನ್ನ ಬದ್ಲು ಅವ್ರು ಬಗ್ಗಿ, ಹಿಂದಕ್ಕೆ ಬರುವಾಗ ನೆನಪಿಟ್ಟು ಆದಷ್ಟು ಬಿಚ್ತಿದ್ರು. ನಿನ್ ಹತ್ರ ಹೇಳೋಕೆ ಬಿಡ್ಲಿಲ್ಲ ನನ್ನ, ಮುಂದಾಳಿನ ಮರ್ಯಾದೆ ಹೋಗುತ್ತೆ ಅಂದ್ರು."

ಹೋಗಿ ಕರೆದೆ. ಅವರು ಬಂದು ಕೋಲು ಎತ್ತಿಕೊಂಡರು. ಸುಗ್ಗಿಯ ದಿನ ನಾನು ಯಾರ ಕಾಲನ್ನೂ ನೋಡಲಿಲ್ಲ. ಜಡೆ ಹೆಣೆದುಕೊಂಡಿತು, ತುದಿವರೆಗೂ ಬಿಚ್ಚಿಕೊಂಡಿತು. ಪಕ್ಕದ ತೋಟದವರೂ ಚಪ್ಪಾಳೆ ತಟ್ಟಿದರು.

ಜನ ಕರಗಿದ ಮೇಲೆ ಭಾವ ತಮ್ಮ ಹಗ್ಗ ಬಿಚ್ಚಿ, ಸುತ್ತಿ ನನ್ನ ಕೈಗಿಟ್ಟರು.

"ಮುಂದಿನ ಸಲ ನನ್ನ ಜಾಗಕ್ಕೆ ಬೇರೆಯವ್ರನ್ನ ನೋಡ್ಕೊ ಮಾರಾಯ" ಅಂದು ಅಂಗೈ ತೋರಿಸಿದರು. ಬೆವರಿಗೆ ನಾನು ಬಳಿದ ಕಾವಿ ಇಳಿದು ಕೆಂಪಾಗಿತ್ತು.