ಮರುಳಪ್ಪನವರ ಅಟ್ಟದಲ್ಲಿ ಬಲಿತ ಔಷಧಿ

ದಬ್ಬೇಘಟ್ಟದ ಖಾಸಗಿ ದವಾಖಾನೆಯಲ್ಲಿ ಔಷಧಿ ಬರೆದುಕೊಡುತ್ತಿದ್ದವರು ಡಾಕ್ಟರು. ಕಾಯಿಲೆ ವಾಸಿ ಮಾಡುತ್ತಿದ್ದವರು ಕಾಂಪೌಂಡರ್ ಮರುಳಪ್ಪ. ಇದು ಊರಿನವರ ತೀರ್ಮಾನ. ಮರುಳಪ್ಪನವರಿಗೂ ಇದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಕಜ್ಜಿಗೆ ಕೊಡುತ್ತಿದ್ದ ಹಾಲಿನಂಥ ಔಷಧಿಯಲ್ಲಿ ಎಣ್ಣೆ ಒಂದು ಕಡೆ, ನೀರು ಒಂದು ಕಡೆ ನಿಲ್ಲುತ್ತಿತ್ತು. ಕುಲುಕಿ ಒಂದು ಮಾಡಿಯೇ ಹಚ್ಚಬೇಕು. ಮರುಳಪ್ಪನವರು ಸೀಸೆಯನ್ನು ಕಿವಿಯ ಬಳಿ ಹಿಡಿದು, ಕಣ್ಣು ಮುಚ್ಚಿ, ಕೊಬ್ಬರಿಕಾಯಿ ಪರೀಕ್ಷಿಸುವವರಂತೆ ಅಲ್ಲಾಡಿಸುತ್ತಿದ್ದರು. ತೆಂಗಿನಕಾಯಿ ಅಟ್ಟದ ಮೇಲೆ ವರ್ಷ ಕಳೆದು, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದಾಗಲೇ ಕೆಳಗಿಳಿಸುವ ಸೀಮೆ ಅದು. ಅಲ್ಲಾಡಿಸಿ ನೋಡದ ವಸ್ತುವನ್ನು ಅಲ್ಲಿ ಯಾರೂ ನಂಬುತ್ತಿರಲಿಲ್ಲ.

1984ರಲ್ಲಿ ಬೆಂಗಳೂರಿನ ಫಾರ್ಮಸಿ ಕಾಲೇಜೊಂದರ ಅಧ್ಯಾಪಕಿ ಗಿರಿಜಾಂಬಿಕಾ ಬಂದರು. ಕೊಬ್ಬರಿ ಎಣ್ಣೆಯಿಂದಲೇ ಅವರು ಕಜ್ಜಿಗೆ ಹೊಸ ಔಷಧಿ ಮಾಡಿದ್ದರು. ಸಾಬೂನಿನ ಗುಣದ ಪದಾರ್ಥವೊಂದು ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿಸಿ ನೀರಿನಲ್ಲಿ ಹಿಡಿದಿಡುತ್ತಿತ್ತು. ಹೆಸರು ಮೈಕ್ರೋಎಮಲ್ಷನ್, ನೋಡಲು ಎಳನೀರಿನಷ್ಟು ತಿಳಿ.

“ಇದನ್ನ ಕುಲುಕೋದೇ ಬೇಡ ಮರುಳಪ್ಪನವರೇ. ಎಣ್ಣೆ, ನೀರು ಬೇರೆ ಆಗೋದೇ ಇಲ್ಲ.”

ಮರುಳಪ್ಪನವರು ಕಿವಿಯ ಬಳಿಗೆ ಎತ್ತಿದ್ದ ಸೀಸೆಯನ್ನು ಕೆಳಗಿಳಿಸಿದರು. ಕುಲುಕುವುದೇ ಬೇಡವೆಂದ ಮೇಲೆ ಮರುಳಪ್ಪ ಏತಕ್ಕೆ ಬೇಕು?

ಬೆರಳ ಸಂದಿ ಕೆರೆಯುತ್ತ ಕೂತಿದ್ದ ಸಿದ್ದಕ್ಕ ನೆರವಿಗೆ ಬಂದರು. “ನೀರು ಕಣವ್ವ ಇದು! ನಮ್ ಬಾವೀಲಿ ಬೇಕಾದಷ್ಟೈತೆ. ಇನ್ನೂ ಎಳೇದು!”

“ಎಳೇದೇ,” ಎಂದು ಮರುಳಪ್ಪನವರು ಗಂಭೀರವಾಗಿ ಅನುಮೋದಿಸಿದರು. “ಮೇಡಮ್ಮೋರೆ, ಒಂದು ಸೀಸೆ ನಮ್ಮನೆ ಅಟ್ಟದ ಮೇಲೆ ಕಾಯಿ ಜೊತೆ ಇರ್ಲಿ. ಕಾಯಿ ಇಳಿಸೋ ಹೊತ್ಗೆ ಎಣ್ಣೆ ತೇಲದಿದ್ರೆ ಊರಿಗೆಲ್ಲ ನಾನೇ ಹಂಚ್ತೀನಿ. ತೇಲಿದ್ರೆ ತಾವು ಬಸ್ ಹತ್ತಬೇಕು.”

ಗಿರಿಜಾಂಬಿಕಾ ಒಪ್ಪಿದರು.

ಆ ವರ್ಷ ಮರುಳಪ್ಪನವರು ಅಟ್ಟ ಹತ್ತಿದಷ್ಟು ಇಲಿಗಳೂ ಹತ್ತಲಿಲ್ಲ. ಬೇಸಿಗೆಯಲ್ಲಿ ಹೆಂಚು ಕಾದಾಗ ಆಸೆ, ಮಾಗಿಯ ಚಳಿಯಲ್ಲಿ ಆಸೆ. ಸೀಸೆಯೊಳಗೆ ಮಾತ್ರ ಒಂದೆಳೆ ಮಬ್ಬೂ ಇಲ್ಲ. “ಒಡಿಯೇ ತಾಯಿ,” ಎಂದು ಅವರು ಅದಕ್ಕೆ ಕೈಮುಗಿದದ್ದನ್ನು ಹೆಂಡತಿ ಭೂತಮ್ಮ ಏಣಿಯ ಕೆಳಗಿನಿಂದ ಕಂಡರು.

“ಹಾಲು ಒಡೀದಿರ್ಲಿ ಅಂತ ನಾನು ಬೇಡ್ಕಂತೀನಿ, ಔಸ್ದಿ ಒಡೀಲಿ ಅಂತ ನೀವು. ದೇವ್ರು ಯಾರ್ ಮಾತು ಕೇಳ್ಬೇಕು?”

ಕಾಯಿ ಇಳಿಸುವ ದಿನ ಜಗಲಿ ತುಂಬ ಜನ. ಮರುಳಪ್ಪನವರು ಸೀಸೆಯ ಮಸಿ ಒರೆಸಿ ಬಿಸಿಲಿಗೆ ಹಿಡಿದರು. ತಿಳಿ. ಬೆಂಗಳೂರಿನಿಂದ ಬಂದಿದ್ದ ಗಿರಿಜಾಂಬಿಕಾ ಪುಸ್ತಕದಲ್ಲಿ ತಾರೀಖು ಬರೆದುಕೊಂಡರು. ‘ನೋಡಿದಿರಾ’ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

“ಏನಾಯ್ತು ಮರುಳಪ್ಪಣ್ಣ? ತೇಲ್ತಾ?” ಸಿದ್ದಕ್ಕ ಕೇಳಿದರು. ಅವರ ಕಜ್ಜಿ ಹೋಗಿ ಮತ್ತೆ ಬಂದಿತ್ತು.

ಮರುಳಪ್ಪನವರು ಸೀಸೆಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಹಿಂದೆಂದೂ ಕುಲುಕದಷ್ಟು ಹೊತ್ತು ಕುಲುಕಿದರು. ಕಣ್ಣು ತೆರೆದಾಗ ಮುಖದಲ್ಲಿ ಕಳೆ ಬಂದಿತ್ತು.

“ಹೂಂ. ಈಗ ಬಲಿತೈತೆ. ಬೆಂಗ್ಳೂರಿಂದ ತಂದಾಗ ಎಳೇದಿತ್ತು. ನಮ್ಮಟ್ಟದ ಹೊಗೆಗೆ ಹದ ಆಗೈತೆ. ಕೈ ಚಾಚು ಸಿದ್ದಕ್ಕ.”

ಸಿದ್ದಕ್ಕನ ಕಜ್ಜಿ ವಾಸಿಯಾಯಿತು. ಅಲ್ಲಿಂದಾಚೆಗೆ ಬೆಂಗಳೂರಿನಿಂದ ನೇರವಾಗಿ ಬಂದ ಸೀಸೆಯನ್ನು ದಬ್ಬೇಘಟ್ಟದಲ್ಲಿ ಯಾರೂ ಮುಟ್ಟಲಿಲ್ಲ. ‘ಗ್ರಾಮೀಣ ಪರಿಸರದಲ್ಲಿ ಒಂದು ವರ್ಷದ ಸ್ಥಿರತೆ’ ಎಂಬ ಪ್ರಬಂಧಕ್ಕೆ ಕಾಲೇಜಿನಲ್ಲಿ ಶಾಲು ಹೊದೆಸಿಕೊಂಡ ಗಿರಿಜಾಂಬಿಕಾ, ಮುಂದಿನ ಕಂತಿನ ಸೀಸೆಗಳನ್ನು ಸೆರಗು ಸಿಕ್ಕಿಸಿಕೊಂಡು ತಾವೇ ಆ ಅಟ್ಟಕ್ಕೆ ಏರಿಸಿದರು.

ಇಳಿಯುವಾಗ ಒಮ್ಮೆ ಕೇಳಿಯೇಬಿಟ್ಟರು: “ಕುಲುಕಬೇಕಿಲ್ಲ ಅಂತ ಸೀಸೆ ಮೇಲಿನ ಚೀಟೀಲಿ ಅಚ್ಚು ಹಾಕ್ಸಿದೀನಲ್ಲ ಮರುಳಪ್ಪನವರೇ, ಓದಿಲ್ವಾ?”

“ಓದಿದೀನಿ ಕಣ್ರವ್ವ, ಸರಿಯಾಗೇ ಬರ್ದಿದೀರಿ,” ಎಂದರು ಮರುಳಪ್ಪನವರು, ಏಣಿ ಹಿಡಿದುಕೊಂಡು. “ಹಚ್ಕಳೋರ್ಯಾಕೆ ಕುಲುಕ್ಬೇಕು? ನಾನು ಕುಲುಕಿ ಕೊಟ್ಟಿರ್ತೀನಲ್ಲ.”